ಏಳನೆಯ ಓದುಗರು

ತವನಪ್ಪ ಹಂಜಿಯವರ ಮೊದಲ ಬರಹವನ್ನು ಹನ್ನೆರಡು ಮಂದಿ ಓದಿದರು. ಹನ್ನೆರಡು ಮಂದಿಯೂ ತೀರಿಕೊಂಡವರು. ಈ ಎರಡನೆಯ ಸಂಗತಿ ಅವರಿಗೆ ಆಗ ತಿಳಿದಿರಲಿಲ್ಲ.

ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಹಾಜರಿ ಬರೆದು ನಿವೃತ್ತರಾದವರು ಅವರು. ಬೆಳಗಿನ ಸೈರನ್, ಅಲ್ಲಿಯವರ ಮಾತಿನಲ್ಲಿ ಭೋಂಗಾ, ಕೂಗಿದ ಮೇಲೆ ಯಾರು ಎಷ್ಟು ನಿಮಿಷ ತಡವಾಗಿ ಒಳಗೆ ಬಂದರು, ಊಟದ ಹೊತ್ತಿಗೆ ಮೊದಲೇ ಯಾರು ಜಾಗ ಬಿಟ್ಟು ಎದ್ದರು ಎಂದು ಬರೆದಿಡುವುದೇ ಅವರ ಕೆಲಸವಾಗಿತ್ತು. ಅಂಥವರು ಎಪ್ಪತ್ತೊಂದನೆಯ ವಯಸ್ಸಿನಲ್ಲಿ 'ಪಡಸಾಲೆ'ಯಲ್ಲಿ ಬರೆಯಲು ಕುಳಿತರೆಂದರೆ ಮನೆಯವರಿಗೇ ನಂಬಿಕೆ ಬರಲಿಲ್ಲ. ಪಡಸಾಲೆ ಎಂಬುದು ಫೋನಿನಲ್ಲಿ ಬರೆಯುವ, ಓದುವ ಜಾಲತಾಣ. ಯಾರು ಬೇಕಾದರೂ ಅಲ್ಲಿ ಒಂದು ಪುಟ ತೆರೆದು ತಮಗೆ ತೋಚಿದ್ದನ್ನು ಬರೆಯಬಹುದು. ನಾಡಿನ ಅರ್ಧ ಜನ ಸಂಜೆಯ ಹೊತ್ತು ಅಲ್ಲಿಯೇ ಇರುತ್ತಿದ್ದರು.

ಮೊದಲ ಬರಹದ ಹೆಸರು 'ಮನುಷ್ಯಜನ್ಮದ ಸಾರ್ಥಕತೆ'. ಮೂರು ದಿನ ತಿದ್ದಿ, ಸೊಸೆ ಸುನೇತ್ರಾಳ ನೆರವಿನಿಂದ ಅದನ್ನು ಏರಿಸಿದರು. ಸಂಜೆಯ ಹೊತ್ತಿಗೆ ಉತ್ತರ ಬಂತು: ಪೂರ್ತಿ ಓದಿದವರು ಇಬ್ಬರು, ಈ ಬರಹ ಮುಂದಕ್ಕೆ ಹೋಗಿಲ್ಲ.

"ಮುಂದಕ್ಕ ಹೋಗಿಲ್ಲ ಅಂದ್ರ ಏನವ್ವ?"

"ಹೊಸಬರು ಬರದದ್ದನ್ನ ಮೊದಲ ಹನ್ನೆರಡು ಮಂದಿಗೆ ಕೊಡತಾರ ಮಾವಾರ. ಅದರಾಗ ಎಂಟು ಮಂದಿ ಕಡೀತನಕ ಓದಿದ್ರ ಊರ ಮಂದಿಗೆ ತೋರಸ್ತಾರ. ಇಲ್ಲಾಂದ್ರ ಅಲ್ಲೇ ಮಲಗತೈತಿ."

"ಹತ್ತು ಮಂದಿ ಎದ್ದು ಹೋದ್ರು ಅನ್ನು."

"ಇಬ್ರು ಕುಂತ್ರಲ್ಲ, ಅದ ದೊಡ್ಡದು. ಏರಸೂ ಮುಂದ ನಾನೂ ಎರಡನೇ ಪ್ಯಾರಾಕ್ಕ ಎದ್ದಿದ್ದೆ," ಎಂದು ಸುನೇತ್ರಾ ನಕ್ಕು ಒಳಗೆ ಹೋದಳು.

ತವನಪ್ಪನವರು ನಗಲಿಲ್ಲ. ಅವರಿಗೆ ಓದುಗರು ಬೇಕಾಗಿದ್ದುದು ಹೆಸರಿಗಾಗಿ ಅಲ್ಲ. ಒಂದು ತಪ್ಪನ್ನು ಹೇಳಿಕೊಳ್ಳುವುದಿತ್ತು. ಒಬ್ಬನೇ ಕುಳಿತು ಗೋಡೆಯ ಮುಂದೆ ಒಪ್ಪಿಕೊಂಡ ತಪ್ಪು ಒಪ್ಪಿಕೊಂಡಂತಲ್ಲ, ಕೇಳುವವರು ಎದುರಿಗಿರಬೇಕು ಎಂದು ಅವರು ನಂಬಿದ್ದರು. ಆದ್ದರಿಂದ ಮೊದಲು ನಾಲ್ಕು ಜನ ಓದುವ ಹಾಗೆ ಬರೆಯಬೇಕು, ಆಮೇಲೆ ಆ ಜನದ ಮುಂದೆ ಅದನ್ನು ಹೇಳಬೇಕು ಎಂಬುದು ಅವರ ಎಣಿಕೆ.

ತಪ್ಪು ನಡೆದದ್ದು ಹಿಂದಿನ ಭಾದ್ರಪದದಲ್ಲಿ. ಜೈನರಿಗೆ ಅದು ದಶಲಕ್ಷಣ ಪರ್ವದ ಕಾಲ. ಹತ್ತು ದಿನ ವ್ರತ, ಪೂಜೆ, ಶಾಸ್ತ್ರದ ಓದು. ಅದೆಲ್ಲ ಮುಗಿದು ಹುಣ್ಣಿಮೆ ಕಳೆದ ಮರುದಿನ ಕ್ಷಮಾವಣಿ. ಅಂದು ಹಿರಿಯರು ಕಿರಿಯರೆನ್ನದೆ ಒಬ್ಬರಿಗೊಬ್ಬರು ಕೈಜೋಡಿಸಿ, ವರ್ಷದಲ್ಲಿ ಅರಿತೋ ಅರಿಯದೆಯೋ ಮಾಡಿದ ತಪ್ಪುಗಳಿಗೆಲ್ಲ ಕ್ಷಮೆ ಕೇಳುತ್ತಾರೆ. ದ್ವಾದಶಿಯ ಮಧ್ಯಾಹ್ನ ತವನಪ್ಪನವರು ನಡುಮನೆಯಲ್ಲಿ ಶಾಸ್ತ್ರ ಓದುತ್ತಿದ್ದರು. ಕೇಳಲು ಬಂದವರು ಹತ್ತು ಹನ್ನೆರಡು ಮಂದಿ. ಹೆಂಡತಿ ಕಂಬಕ್ಕೆ ಒರಗಿ ಕುಳಿತು ಸೆರಗಿನ ಮರೆಯಲ್ಲಿ ಫೋನು ಹಿಡಿದು ಪಡಸಾಲೆಯಲ್ಲಿ ಏನೋ ಓದುತ್ತಿದ್ದುದು ಕಣ್ಣಿಗೆ ಬಿತ್ತು. ತವನಪ್ಪನವರು ಎದ್ದು ಬಂದು ಎಲ್ಲರೆದುರಿಗೆ ಅದನ್ನು ಕಸಿದುಕೊಂಡರು.

"ಅರವತ್ತೆಂಟು ತುಂಬಿದವು, ಇನ್ನೂ ಮಂದಿ ಹಾಳ ಹರಟಿ ಓದ್ಕೋತ ಕುಂತೀಯಲ್ಲ. ಸತ್ತ ಮ್ಯಾಲೆ ಇದ ಬರತೈತೇನು ನಿನ್ನ ಕೂಡ?"

ಆಕೆ ಎದ್ದು ಹೋಗಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸತೊಡಗಿದರು. ಫೋನು ಕಪಾಟು ಸೇರಿ ಬೀಗ ಬಿತ್ತು. ಹೊತ್ತು ಮುಳುಗುವ ಮುನ್ನ ಊಟಕ್ಕೆ ಕುಳಿತಾಗಲೇ ತವನಪ್ಪನವರಿಗೆ ತಾವು ಮಾಡಿದ್ದು ಸರಿಯಲ್ಲ ಅನಿಸಿತ್ತು. ಬಾಯಿತುದಿಗೆ ಮಾತು ಬಂದಿತ್ತು. ಆದರೆ ಕ್ಷಮಾವಣಿಗೆ ಇನ್ನು ನಾಲ್ಕೇ ದಿನವಿತ್ತು. ಹೇಗೂ ಅಂದು ಎಲ್ಲಕ್ಕೂ ಸೇರಿಸಿ ಕೇಳುವುದೇ ಇದೆಯಲ್ಲ ಎಂದು ಮಾತನ್ನು ತಡೆದು ಇಟ್ಟುಕೊಂಡರು.

ಚತುರ್ದಶಿಯ ಬೆಳಿಗ್ಗೆ, ಉಪವಾಸದ ದಿನ, ಬಸದಿಗೆ ಹೊರಟು ನಿಂತಿದ್ದ ಆಕೆ ಬಾಗಿಲ ಬಳಿ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ನಲವತ್ತಾರು ವರ್ಷ ಅವರಿಬ್ಬರೂ ಕ್ಷಮಾವಣಿ ಮಾಡಿದ್ದರು. ಪ್ರತಿ ವರ್ಷವೂ ತವನಪ್ಪನವರು ಕೈಜೋಡಿಸಿ ಶಾಸ್ತ್ರದ ಮಾತಿನಲ್ಲಿ ದೊಡ್ಡದಾಗಿ ಶುರುಮಾಡುವರು. ಆಕೆ ಮೊದಲ ಮಾತಿಗೇ ಅವರ ಜೋಡಿಸಿದ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು, ಒಂದು ಗಳಿಗೆ ಸುಮ್ಮನೆ ನಿಂತು, "ಆತು ಏಳ್ರಿ, ದ್ವಾಸಿ ತಣ್ಣಗಾಗ್ತಾವ" ಎಂದುಬಿಡುವರು. "ಪೂರ್ತಿ ಕೇಳಬೇಕ, ಇಲ್ಲಾಂದ್ರ ಅದು ಸಲ್ಲೂದಿಲ್ಲ" ಎಂದು ತವನಪ್ಪನವರು ಸಿಡುಕಿದರೂ ಆಕೆ ಒಂದು ವರ್ಷವೂ ಪೂರ್ತಿ ಕೇಳಿದವರಲ್ಲ. ನಲವತ್ತೇಳನೆಯ ಕ್ಷಮಾವಣಿಗೆ ಎದುರಿಗೆ ನಿಲ್ಲಲು ಆಕೆಯೇ ಇರಲಿಲ್ಲ.

ತಿಂಗಳೆರಡಾದ ಮೇಲೆ ಕಪಾಟಿನ ಬೀಗ ತೆಗೆದು ಫೋನು ಹೊತ್ತಿಸಿದರು. ಆಕೆ ಅರ್ಧಕ್ಕೆ ಬಿಟ್ಟ ಬರಹ ಹಾಗೆಯೇ ತೆರೆದುಕೊಂಡಿತು. ಗದಗಿನ ಕಡೆಯ ಯಾರೋ ತನ್ನ ಅಜ್ಜಿ ಹೊಲಿದ ಕೌದಿಯ ಬಗ್ಗೆ ಬರೆದದ್ದು. ಉಳಿದರ್ಧವನ್ನು ಅವರು ಓದಿದರು. ಹಾಳ ಹರಟೆಯಾಗಿರಲಿಲ್ಲ. ಅದೇ ಫೋನಿನಲ್ಲಿ, ಅಂದೇ, ತಮ್ಮ ಹೆಸರಿನ ಪುಟ ತೆರೆದರು.

ಮುಂದೆ ಬರೆದ ಐದು ಬರಹಗಳೂ ಮಲಗಿದವು. ಆಗ ತವನಪ್ಪನವರು ಹಳೆಯ ಅಭ್ಯಾಸಕ್ಕೆ ಬಿದ್ದರು. ಪಡಸಾಲೆಯ ನಿಯಮಗಳನ್ನು, ಸಣ್ಣ ಅಕ್ಷರದ ನಲವತ್ತೊಂದು ಪುಟಗಳನ್ನು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದರು. ಪಡಸಾಲೆ ಹುಟ್ಟಿದಾಗಿನಿಂದ ಆ ಕೆಲಸ ಮಾಡಿದವರು ಬಹುಶಃ ಅವರೊಬ್ಬರೇ. ಮೂವತ್ತಮೂರನೆಯ ಪುಟದಲ್ಲಿ ಸಂಗತಿ ಇತ್ತು.

ನಾವು ಫೋನಿನಲ್ಲಿ ಓದುವಾಗ ಫೋನು ನಮ್ಮನ್ನು ನೋಡುತ್ತಿರುತ್ತದೆ. ಕಣ್ಣು ಯಾವ ಸಾಲಿನ ಮೇಲೆ ಎಷ್ಟು ಸೆಕೆಂಡು ನಿಂತಿತು, ಎಲ್ಲಿಂದ ಹಿಂದಕ್ಕೆ ಹೋಯಿತು, ಬೆರಳು ಎಲ್ಲಿ ಬೇಸತ್ತು ಪುಟ ಸರಿಸಿತು, ಎಲ್ಲವನ್ನೂ ಬರೆದಿಡುತ್ತದೆ. ಮೂರು ವರ್ಷ ಹೀಗೆ ಬರೆದರೆ ಆ ಮನುಷ್ಯನ ಓದಿನ ಒಂದು ಅಚ್ಚು ಸಿದ್ಧವಾಗುತ್ತದೆ. ಆ ಅಚ್ಚಿಗೆ ಯಾವ ಹೊಸ ಬರಹ ಕೊಟ್ಟರೂ ಅವರು ಇದ್ದಿದ್ದರೆ ಎಲ್ಲಿ ನಿಲ್ಲುತ್ತಿದ್ದರು, ಎಲ್ಲಿ ಏಳುತ್ತಿದ್ದರು ಎಂದು ತೋರಿಸಿಕೊಡುತ್ತದೆ. ಬದುಕಿರುವವರ ಅಚ್ಚಿನಿಂದ ಅವರವರಿಗೆ ರುಚಿಸುವ ಬರಹ ಹುಡುಕಿ ಕೊಡುತ್ತಿದ್ದರು. ಸತ್ತವರ ಅಚ್ಚುಗಳು ಲಕ್ಷಗಟ್ಟಲೆ ಸುಮ್ಮನೆ ಉಳಿದಿದ್ದವು. ಹೊಸ ಬರಹಗಾರರಿಗೋ ಓದುಗರೇ ಇಲ್ಲ. ಎರಡನ್ನೂ ಯಾರೋ ಜೋಡಿಸಿದರು. ಹೊಸಬರ ಪುಟಕ್ಕೆ ಹತ್ತಿರದ ಊರಿನ, ಹತ್ತಿರದ ಮಾತಿನ ಹನ್ನೆರಡು ಅಚ್ಚುಗಳು ಮೊದಲ ಓದುಗರು. ಮೊದಲ ವರ್ಷದ ಪ್ರತಿ ಬರಹವೂ ಅದೇ ಹನ್ನೆರಡರ ಮುಂದೆ ಹಾದು ಹೋಗಬೇಕು. ಅವರ ಹೆಸರು ಯಾರಿಗೂ ಹೇಳುವುದಿಲ್ಲ. ಬರೀ ಅಂಕಿ.

ಓದಿ ಮುಗಿಸಿದ ತವನಪ್ಪನವರು ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡು ಬಂದರು.

"ಮಾವಾರ, ಇದೇನು ಮಧ್ಯಾಹ್ನದಾಗ ಎರಡನೇ ಸ್ನಾನ?" ಎಂದಳು ಸುನೇತ್ರಾ.

"ಹನ್ನೆರಡು ಮಂದಿ ಸುದ್ದಿ ಒಮ್ಮೆಲೆ ಬಂತವ್ವ," ಎಂದರು.

ಅದಾದ ಮೇಲೆ ಅವರು ಉದ್ದ ಹಾಳೆಗೆ ಗೆರೆ ಎಳೆದು ಹಾಜರಿ ಪಟ್ಟಿ ಮಾಡಿದರು. ಎಡಕ್ಕೆ ಹನ್ನೆರಡು ಓದುಗರ ಅಂಕಿ, ಮೇಲೆ ಬರಹಗಳ ಹೆಸರು. ಯಾರು ಎಲ್ಲಿ ಎದ್ದರು, ಯಾವ ಸಾಲಿಗೆ ತಿರುಗಿ ಬಂದರು ಎಂದು ಪಡಸಾಲೆ ತೋರಿಸಿದ್ದನ್ನೆಲ್ಲ ಅದರಲ್ಲಿ ತುಂಬಿದರು. ಮೂವತ್ತಾರು ವರ್ಷ ಅವರು ಎದುರಿಗೆ ಬಾರದ ಮನುಷ್ಯರನ್ನು ಬರುವ ಹೊತ್ತು, ಏಳುವ ಹೊತ್ತಿನಿಂದಲೇ ಗುರುತು ಹಿಡಿದವರು. ನಾಲ್ಕನೆಯವರಿಗೆ ದೇವರ ಮಾತು ಹಿಡಿಸುತ್ತಿತ್ತು. ಒಂಬತ್ತನೆಯವರಿಗೆ ಅವಸರ. ಪಟ್ಟಿಯ ಮೇಲೆ ಬೆರಳು ಸಾಗುತ್ತ ಏಳನೆಯವರ ಬಳಿ ನಿಂತಿತು.

ಏಳನೆಯವರು ಉಪದೇಶ ಶುರುವಾದ ಸಾಲಿಗೆ ಸರಿಯಾಗಿ ಏಳುತ್ತಿದ್ದರು. ಒಂದು ಸಾಲು ಹಿಂದಲ್ಲ, ಒಂದು ಸಾಲು ಮುಂದಲ್ಲ. ಹಾಗೆಯೇ 'ಒಬ್ಬ ಹೆಣ್ಣುಮಗಳು', 'ಅವರ ತಾಯಿ', 'ಫಿಟ್ಟರನ ಹೆಂಡತಿ' ಎಂದು ಬಂದ ಕಡೆಯಲ್ಲೆಲ್ಲ ನಿಂತು, ಹಿಂದಿನ ಸಾಲಿಗೆ ಹೋಗಿ ಏನನ್ನೋ ಹುಡುಕುತ್ತಿದ್ದರು. 'ನಮ್ಮ ಮನೆಯವರು' ಎಂದು ತವನಪ್ಪನವರು ಎರಡು ಸಲ ಬರೆದಿದ್ದರು. ಅಲ್ಲಿಯೂ ಎರಡು ಸಲ ಹುಡುಕಿದ್ದರು.

ತವನಪ್ಪನವರು ಪೆನ್ನು ಕೆಳಗಿಟ್ಟರು. ಕಾರ್ಖಾನೆಯಿಂದ ಬಂದು ಅವರು ಏನಾದರೂ ಹೇಳಿದಾಗಲೆಲ್ಲ ಹೆಂಡತಿಯಿಂದ ಬರುತ್ತಿದ್ದ ಒಂದೇ ಪ್ರಶ್ನೆ ಕಿವಿಯಲ್ಲಿ ಕೇಳಿಸಿತು. "ಫಿಟ್ಟರನ ಹೇಣ್ತಿ ಹಿಂಗಂದ್ಲು." "ಆಕಿ ಹೆಸರೇನರಿ?" "ನನಗೇನು ಗೊತ್ತು?" "ಇಷ್ಟೆಲ್ಲ ಗೊತ್ತೈತಿ, ಹೆಸರ ಗೊತ್ತಿಲ್ಲ." ಇನ್ನು ಅವರು ಧರ್ಮದ ಮಾತು ತೆಗೆದರೆ ಆಕೆ ಒಲೆಯ ಮೇಲೆ ಏನೋ ಇದೆಯೆಂದು ಏಳುತ್ತಿದ್ದುದು ಮನೆಗೆಲ್ಲ ಗೊತ್ತು.

ಪಟ್ಟಿಯ ಪ್ರತಿಯನ್ನು ಲಕೋಟೆಯಲ್ಲಿಟ್ಟು, ಒಂದು ಪತ್ರ ಬರೆದು, ಅಂಚೆಯಲ್ಲಿ ಪಡಸಾಲೆಯ ಕಚೇರಿಗೆ ಕಳಿಸಿದರು. ಕಚೇರಿ ಇದ್ದದ್ದು ಅದೇ ಊರಿನ ಗೋಕುಲ ರಸ್ತೆಯಲ್ಲಿ. ಎಂಟನೆಯ ದಿನ ಒಬ್ಬ ಹುಡುಗಿಯ ಫೋನು ಬಂತು.

"ಕಾಕಾ, ನಮ್ಮ ಆಫೀಸಿಗೆ ಕೈಬರಹದ ಪತ್ರ ಬಂದದ್ದು ಇದ ಮೊದಲು. ಓದಿದ್ರ ನಿಮ್ಮ ಪಟ್ಟಿ ನಮ್ಮ ಯಂತ್ರದ ಪಟ್ಟಿಕಿಂತ ಚೊಲೋ ಐತಿ. ಒಮ್ಮೆ ಬರತೀರೇನು?"

ಹುಡುಗಿಯ ಹೆಸರು ಫರ್ಜಾನಾ ನದಾಫ್. ಅಚ್ಚುಗಳನ್ನು ನೋಡಿಕೊಳ್ಳುವ ಎಂಜಿನಿಯರು. ಆಕೆ ಕೆಲಸ ಮಾಡುವ ಕೋಣೆ ತಣ್ಣಗಿತ್ತು, ಒಂದು ಗೋಡೆಯ ತುಂಬ ಸಣ್ಣ ಸಣ್ಣ ದೀಪಗಳಿದ್ದವು. ಒಂದು ದೀಪವೆಂದರೆ ಯಾರೋ ಹೊಸಬರ ಒಂದು ಬರಹ. ಹನ್ನೆರಡು ಅಚ್ಚುಗಳ ಮುಂದೆ ಅದು ಹಾದುಹೋಗುವ ತನಕ ದೀಪ ಮಿನುಗುತ್ತಿತ್ತು, ಮುಂದಕ್ಕೆ ಹೋದರೆ ಹಸಿರಾಗುತ್ತಿತ್ತು, ಇಲ್ಲವಾದರೆ ಆರುತ್ತಿತ್ತು. ಆರುವ ದೀಪಗಳೇ ಹೆಚ್ಚು.

"ಹೆಸರು ಕೇಳಾಕ ಬಂದಿದ್ರ ಹೇಳಂಗಿಲ್ರಿ ಕಾಕಾ, ಈಗ ಹೇಳಿಬಿಡತೇನಿ."

"ಕೇಳೂದಿಲ್ಲ. ಒಂದು ಪರೀಕ್ಷಾ ಮಾಡೂಣು ಅಂತ ಬಂದೇನಿ," ಎಂದು ತವನಪ್ಪನವರು ಚೀಲದಿಂದ ಎರಡು ಬರಹ ತೆಗೆದರು. ಎರಡೂ ಒಂದೇ ಕಥೆ. ಫಿಟ್ಟರ್ ಮಾಬೂಸಾಬರ ಹೆಂಡತಿ ದಿನಾಲು ಮಧ್ಯಾಹ್ನ ಬುತ್ತಿ ತಂದು ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತಿದ್ದಳು. ಮಾಬೂಸಾಬರು ಕ್ರೇನಿನ ಕೆಳಗೆ ಸಿಕ್ಕು ಸತ್ತ ದಿನವೂ ನಿಂತಿದ್ದಳು. ಹೊರಗೆ ಬಂದು ಹೇಳುವ ಧೈರ್ಯ ಯಾರಿಗೂ ಆಗದೆ ಸಂಜೆಯ ಭೋಂಗಾ ಕೂಗುವ ತನಕ ನಿಂತೇ ಇದ್ದಳು. ಮೊದಲನೆಯ ಪ್ರತಿಯಲ್ಲಿ 'ಮಾಬೂಸಾಬರ ಹೆಂಡತಿ' ಎಂದಷ್ಟೇ ಇತ್ತು. ಎರಡನೆಯದಕ್ಕಾಗಿ ತವನಪ್ಪನವರು ಹಳೇ ಹುಬ್ಬಳ್ಳಿಯ ಓಣಿ ಓಣಿ ತಿರುಗಿ ಆಕೆಯ ಹೆಸರು ಕೇಳಿಕೊಂಡು ಬಂದಿದ್ದರು. ಎರಡರ ಕೊನೆಗೂ ನಾಲ್ಕು ಸಾಲು ಉಪದೇಶ ಸೇರಿಸಿದ್ದರು.

"ಮೊದಲನೇದ್ರಾಗ ಏಳನೇಯವರು 'ಹೆಂಡತಿ' ಅನ್ನೂ ಕಡೆ ಮೂರು ಸಲ ಹಿಂದ ಹೋಗತಾರ. ಎರಡನೇದ್ರಾಗ ಒಮ್ಮೆನೂ ಹೋಗೂದಿಲ್ಲ. ಉಪದೇಶದ ಮೊದಲ ಸಾಲಿಗೆ ಎರಡರಾಗೂ ಎದ್ದು ಹೋಗತಾರ. ಬರಕೋ."

ಫರ್ಜಾನಾ ಎರಡನ್ನೂ ಯಂತ್ರಕ್ಕೆ ಕೊಟ್ಟಳು. ಪರದೆಯ ಮೇಲೆ ಏಳನೆಯ ಗೆರೆ ಸಾಗಿತು. 'ಹೆಂಡತಿ' ಬಂದಾಗ ನಿಂತಿತು, ಹಿಂದಕ್ಕೆ ಹೋಯಿತು. ಒಂದು. ಎರಡು. ಮೂರು. ಎರಡನೆಯ ಪ್ರತಿಯಲ್ಲಿ 'ಖಾತೂನಬಿ' ಎಂಬ ಹೆಸರು ಬಂತು. ಗೆರೆ ಅಲ್ಲಿ ಒಂದಿಷ್ಟು ತಂಗಿ, ನೆಮ್ಮದಿಯಾದಂತೆ ಮುಂದೆ ಹೋಯಿತು. ಉಪದೇಶದ ಬಾಯಿಗೆ ಬಂದು ಆರಿತು.

ಹುಡುಗಿ ಎರಡೂ ಗೆರೆಗಳನ್ನು ಪಕ್ಕಪಕ್ಕಕ್ಕಿಟ್ಟು ಇನ್ನೊಮ್ಮೆ ನೋಡಿದಳು. ಕೊನೆಗೆ, "ನೀವು ಪುಟ ತೆರದದ್ದು ಯಾರ ಫೋನಿನಾಗ?" ಎಂದಳು.

"ಆಕಿ ಫೋನಿನಾಗ."

"ಅದಕ್ಕ. ಯಂತ್ರ ಹತ್ತಿರದವರನ್ನ ಹುಡುಕತೈತಿ. ಅದರಕಿಂತ ಹತ್ತಿರ ಇನ್ನೆಲ್ಲಿ ಹೋಗಬೇಕು." ಆಕೆ ತುಟಿ ಕಚ್ಚಿದಳು. "ನಾ ಹೌದೂ ಅನ್ನಂಗಿಲ್ಲ ಕಾಕಾ, ಅಲ್ಲಾ ಅನ್ನಂಗಿಲ್ಲ."

"ಅನಬ್ಯಾಡವ್ವ. ಹಾಜರಿ ನಾ ಹಾಕ್ಕೊಂಡೇನಿ."

"ಆದ್ರ ಒಂದು ಮಾತು ಕೇಳ್ರಿ. ಇದು ಅವರಲ್ಲ. ಮಣ್ಣಾಗ ಮೂಡಿದ ಹೆಜ್ಜಿ ಗುರ್ತು ಇದ್ಹಂಗ. ನಡದವರು ಹೋಗ್ಯಾರ. ಮುಂದಿನ ಹೆಜ್ಜಿ ಎಲ್ಲಿ ಬೀಳತಿತ್ತು ಅಂತ ಯಂತ್ರ ಅಂದಾಜು ಮಾಡತೈತಿ, ಅಷ್ಟ. ಅದಕ್ಕ ಸುಖಾ ಇಲ್ಲ, ದುಃಖಾ ಇಲ್ಲ. ಇಲ್ಲಿಗೆ ದಿನಾ ಮಂದಿ ಬರತಾರ ಕಾಕಾ. ಒಬ್ಬರು ತಮ್ಮ ಅಪ್ಪ ಓದತಾನಂತ ದಿನಕ್ಕ ಐದು ಬರೀತಾರ. ಕೆಲಸ ಬಿಟ್ಟಾರ, ಊಟ ಬಿಟ್ಟಾರ. ಅಪ್ಪನ ಅಚ್ಚು ನಾಲ್ಕನೇ ಸಾಲಿಗೆ ಎದ್ದು ಹೋದ್ರ ಅಲ್ಲೇ ಮೆಟ್ಟಲ ಮ್ಯಾಲೆ ಕುಂತು ಅಳತಾರ. ನೀವು ಹಂಗ ಆಗಬ್ಯಾಡ್ರಿ."

ತವನಪ್ಪನವರು ತಲೆಯಾಡಿಸಿ ಎದ್ದರು. ಬಾಗಿಲ ತನಕ ಬಂದ ಫರ್ಜಾನಾ ತಡೆಯಲಾರದೆ ಕೇಳಿದಳು, "ಖಾತೂನಬಿ ಆಮ್ಯಾಲೆ ಏನಾದ್ರು ಕಾಕಾ?"

ಅವರು ತಿರುಗಿ ನೋಡಿ ನಕ್ಕರು. ಹೆಂಡತಿ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. "ಗೇಟಿನ ಮುಂದ ಚಾದಂಗಡಿ ಇಟ್ಟಳವ್ವ. ಮೂರು ಹೆಣ್ಣುಮಕ್ಕಳ ಮದುವಿ ಮಾಡಿದಳು. ಅವರ ಹೆಸರೂ ಕೇಳ್ಕೊಂಡು ಬಂದೇನಿ."

ಅಲ್ಲಿಂದ ಮುಂದೆ ತವನಪ್ಪನವರು ಬರೆದದ್ದೆಲ್ಲ ಬೇರೆ ಆಯಿತು. ಏಳನೆಯವರು ಎದ್ದ ಸಾಲನ್ನು ಹೊಡೆದುಹಾಕಿದರು. ಹಿಂದಕ್ಕೆ ಹೋದ ಕಡೆ ಹೆಸರು ಹುಡುಕಿ ತಂದು ಹಾಕಿದರು. ಹೆಂಡತಿ ಬದುಕಿದ್ದಾಗ ನಲವತ್ತಾರು ವರ್ಷ ಕೇಳಿಸಿಕೊಳ್ಳದ ಒಂದು ಮಾತನ್ನು ಈಗ ದಿನಾಲು ಕೇಳಿಸಿಕೊಂಡರು. ಖಾತೂನಬಿಯ ಬರಹ ಉಪದೇಶವಿಲ್ಲದೆ ಹೋಯಿತು. ಹನ್ನೊಂದು ಮಂದಿ ಕಡೆಯತನಕ ಕುಳಿತರು. ದೀಪ ಹಸಿರಾಯಿತು. ವಾರದೊಳಗೆ ಮುನ್ನೂರು ಮಂದಿ ಜೀವಂತ ಓದುಗರು, ಚೈತ್ರದ ಹೊತ್ತಿಗೆ ನಾಲ್ಕು ಸಾವಿರ. ಅವರು ಬರೆದದ್ದೇನೂ ದೊಡ್ಡದಲ್ಲ. ಗೇಟಿನಲ್ಲಿ ನಿಂತವರು, ಬುತ್ತಿ ತಂದವರು, ಎಣ್ಣೆ ಹತ್ತಿದ ಅಂಗಿ ಒಗೆದವರು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಎಂದೂ ಹೆಸರು ಬರದವರು. "ನಮ್ಮವ್ವನೂ ಅಲ್ಲೇ ನಿಂತಿರತಿದ್ಲು ಅಜ್ಜಾರ, ಆಕಿ ಹೆಸರು ಶಂಕ್ರವ್ವ, ಅದನೂ ಬರೀರಿ" ಎಂದು ದೂರದ ಊರಿನಿಂದ ಓದುಗರೊಬ್ಬರು ಬರೆದರು. ತವನಪ್ಪನವರು ಬರೆದುಕೊಂಡರು.

"ಮಾವಾರ, ನೀವೀಗ ನಮ್ಮ ಓಣಿಗೇ ದೊಡ್ಡ ಮನಷ್ಯಾರು," ಎನ್ನುವಳು ಸುನೇತ್ರಾ. "ಕಾಯಿಪಲ್ಲೆ ಮಾರೂ ಗಂಗವ್ವ ಕೇಳಾಕತ್ತಿದ್ಲು, ನಂದ್ಯಾವಾಗ ಬರೀತಾರಂತ."

ನಾಲ್ಕು ಸಾವಿರ ಜನ ಎದುರಿಗಿದ್ದರು. ಆದರೂ ಹೇಳಬೇಕಾದ್ದನ್ನು ಅವರು ಬರೆಯಲಿಲ್ಲ. ಕ್ಷಮಾವಣಿಯ ದಿನವೇ ಬರೆಯಬೇಕು, ಅಂದು ಏಳನೆಯವರು ಅದನ್ನು ಪೂರ್ತಿ ಓದಬೇಕು ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದರು. ನಲವತ್ತಾರು ವರ್ಷ ಅರ್ಧಕ್ಕೆ ನಿಂತದ್ದು ಈ ವರ್ಷ ಪೂರ್ತಿಯಾಗಬೇಕಿತ್ತು.

ಆಷಾಢದಲ್ಲಿ ಪಡಸಾಲೆಯಿಂದ ಒಂದು ನಮೂನೆ ಬಂತು. ಮೃತರ ಅಚ್ಚನ್ನು ತೀರಿಕೊಂಡ ತಾರೀಖಿನಿಂದ ಒಂದು ವರ್ಷ ಮಾತ್ರ ಬಳಸುವುದು ಕಾಯ್ದೆ. ವಾರಸುದಾರರು ಸಹಿ ಮಾಡಿದರೆ ಇನ್ನು ಇಪ್ಪತ್ತೈದು ವರ್ಷ. ಮಾಡದಿದ್ದರೆ ಆ ತಾರೀಖಿನ ಸಂಜೆ ಆರು ಗಂಟೆಗೆ ಅಚ್ಚು ಅಳಿಯುತ್ತದೆ.

ತವನಪ್ಪನವರು ಪಂಚಾಂಗ ತೆಗೆದರು. ಆ ವರ್ಷ ಅಧಿಕ ಮಾಸ ಬಂದಿತ್ತು. ತಿಥಿಗಳೆಲ್ಲ ಹತ್ತೊಂಬತ್ತು ದಿನ ತಡವಾಗಿ ಬರುತ್ತಿದ್ದವು. ಅಚ್ಚು ಅಳಿಯುವ ತಾರೀಖಾದ ಇಪ್ಪತ್ತೊಂದು ದಿನಕ್ಕೆ ಕ್ಷಮಾವಣಿ. ಸಹಿ ಮಾಡದೆ ಹೋದರೆ ಅಂದು ಓದಲು ಆಕೆ ಇರುವುದಿಲ್ಲ. ಫರ್ಜಾನಾಳಿಗೆ ಫೋನು ಮಾಡಿ ಇಪ್ಪತ್ತೊಂದು ದಿನದ ಸಹಿ ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ, ಇಪ್ಪತ್ತೈದು ವರ್ಷ ಇಲ್ಲವೇ ಏನೂ ಇಲ್ಲ, ನಡುವೆ ತೆಗೆಯಲೂ ಬರುವುದಿಲ್ಲ ಎಂದಳು ಆಕೆ.

ಬಸದಿಯಲ್ಲಿ ಚಾತುರ್ಮಾಸಕ್ಕೆಂದು ಮುನಿಗಳೊಬ್ಬರು ನಿಂತಿದ್ದರು. ತವನಪ್ಪನವರು ಹೋಗಿ ಎಲ್ಲವನ್ನೂ ಹೇಳಿಕೊಂಡರು. ಮುನಿಗಳು ಕಣ್ಣು ಮುಚ್ಚಿ ಕೇಳಿ, "ಆ ಅಚ್ಚಿಗೆ ಹಸಿವೆಯಾಗುತ್ತದೆಯೇ?" ಎಂದರು.

"ಇಲ್ಲ ಮಹಾರಾಜರೆ."

"ಬಿಟ್ಟು ಹೋಗಬೇಕೆಂಬ ಆಸೆ ಇದೆಯೇ? ಇರಬೇಕೆಂಬ ಆಸೆ?"

"ಎರಡೂ ಇಲ್ಲ. ಯಂತ್ರ ಅದು."

"ಹಾಗಾದರೆ ಕಟ್ಟು ಬಿದ್ದಿರುವುದು ಯಾರಿಗೆ?"

ತವನಪ್ಪನವರು ನಮಸ್ಕರಿಸಿ ಬಂದರು. ನಮೂನೆ ಎರಡು ತಿಂಗಳು ದೇವರ ಮಣೆಯ ಕೆಳಗೆ ಇತ್ತು. ಸಹಿ ಮಾಡಲು ಮನಸ್ಸು ಒಪ್ಪಲಿಲ್ಲ, ಹರಿದು ಹಾಕಲು ಕೈ ಬರಲಿಲ್ಲ.

ಕೊನೆಯ ದಿನ ಬಂತು. ಬೆಳಿಗ್ಗೆ ನಮೂನೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದ ಮಾವನನ್ನು ನೋಡಿ ಸುನೇತ್ರಾ, "ಸಹಿ ಮಾಡಿಬಿಡ್ರಿ ಮಾವಾರ. ಅತ್ತಿಯಾರು ಓದತಾರಂತ ನಿಮಗೊಂದು ಸಮಾಧಾನ. ಯಾರಿಗೇನು ನುಕ್ಸಾನ?" ಎಂದಳು.

"ನಿನಗೇನು ತಿಳೀತೈತಿ? ದೊಡ್ಡವರ ವಿಷಯದಾಗ ಬಾಯಿ ಹಾಕಬ್ಯಾಡ. ಸುಮ್ನ ಒಳಗ ನಡಿ."

ಮಾತು ಬಿರುಸಾಗಿತ್ತು. ಸುನೇತ್ರಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕೊಡಕ್ಕೆ ನೀರು ಸೋಸುವ ಸದ್ದು ಕೇಳಿಸಿತು. ತವನಪ್ಪನವರ ಮನಸ್ಸು ಕೂಡಲೇ ಮೆತ್ತಗಾಯಿತು. ಹೇಗೂ ಇನ್ನು ಮೂರು ವಾರಕ್ಕೆ ಕ್ಷಮಾವಣಿ ಬರುತ್ತದಲ್ಲ, ಅಂದು ಎಲ್ಲಕ್ಕೂ ಸೇರಿಸಿ...

ಅಲ್ಲಿಗೆ ಅವರು ಬೆಚ್ಚಿಬಿದ್ದರು. ಹೋದ ವರ್ಷ ಊಟದ ಮಣೆಯ ಮೇಲೆ ಕುಳಿತು ಅಂದುಕೊಂಡದ್ದೂ ಇದೇ ಮಾತು. ಒಂದು ಅಕ್ಷರವೂ ಬೇರೆಯಲ್ಲ.

ನಮೂನೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಫೋನು ತೆಗೆದು ಬರೆಯಲು ಕುಳಿತರು. ಮಧ್ಯಾಹ್ನದವರೆಗೆ ಬರೆದರು. ನಾಲ್ಕು ಗಂಟೆಗೆ ಗೋಕುಲ ರಸ್ತೆಯ ಕಚೇರಿಯಲ್ಲಿದ್ದರು.

"ಸಹಿ ಮಾಡಿದ್ರೇನು ಕಾಕಾ?" ಎಂದಳು ಫರ್ಜಾನಾ.

"ಇಲ್ಲವ್ವ. ಇದೊಂದು ಕಳಿಸಬೇಕು. ಇಲ್ಲೇ ಕುಂತು ನೋಡತೇನಿ."

ಬರಹ ಏಳು ಪ್ಯಾರಾ ಇತ್ತು. ದ್ವಾದಶಿಯ ಮಧ್ಯಾಹ್ನ, ಕಸಿದ ಫೋನು, ಆಡಿದ ಮಾತು, ಕ್ಷಮಾವಣಿಗೆಂದು ತಡೆದಿಟ್ಟ ಮಾತು, ಎಲ್ಲವೂ ಇತ್ತು. ಸತ್ತ ಮೇಲೆ ಇದು ನಿನ್ನ ಜೊತೆ ಬರುತ್ತದೆಯೇ ಎಂದು ಕೇಳಿದ್ದೆ, ನೀನು ಹೋದ ಮೇಲೆ ನನ್ನ ಜೊತೆ ಉಳಿದದ್ದು ಅದೊಂದೇ ಎಂದೂ ಬರೆದಿದ್ದರು. ಇವೆಲ್ಲಕ್ಕೂ ಮೇಲೆ ಮೊದಲ ಸಾಲಿನಲ್ಲಿ ಎರಡೇ ಪದಗಳಿದ್ದವು. ನಲವತ್ತಾರು ವರ್ಷದಲ್ಲಿ ತವನಪ್ಪನವರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. 'ಏ, ಕೇಳಿಲ್ಲಿ' ಎನ್ನುವರು. ಬರೆಯುವಾಗ 'ನಮ್ಮ ಮನೆಯವರು'. ಅಂದು ಮೊದಲ ಸಲ ಬರೆದಿದ್ದರು: 'ಚಂಪಾವತಿ, ತಪ್ಪಾಯಿತು.'

ಗೋಡೆಯ ಮೇಲೆ ಹೊಸ ದೀಪವೊಂದು ಮಿನುಗಿತು. ಪರದೆಯ ಮೇಲೆ ಹನ್ನೆರಡು ಗೆರೆಗಳು ಹೊರಟವು. ಏಳನೆಯ ಗೆರೆ ಮೊದಲ ಸಾಲಿಗೆ ಬಂದು ನಿಂತಿತು. ಐದು ಸೆಕೆಂಡು. ಹತ್ತು. ಉಳಿದವರು ಮೂರನೆಯ ಪ್ಯಾರಾ ದಾಟಿದ್ದರು. ಹದಿನಾಲ್ಕು. ಗೆರೆ ಹಿಂದಕ್ಕೆ ಹೋಗಲಿಲ್ಲ, ಹೆಸರನ್ನು ಹುಡುಕಲಿಲ್ಲ. ಅಲ್ಲಿಯೇ ಆರಿತು.

"ಅಯ್ಯೋ," ಎಂದಳು ಫರ್ಜಾನಾ. ಆಕೆಯ ಕಣ್ಣು ತುಂಬಿತ್ತು. "ಓದಲಿಲ್ಲ ಕಾಕಾ. ಒಂದ ಸಾಲಿಗೆ ಎದ್ದರು. ಉಳದವರಾಗ ಏಳ ಮಂದಿ ಓದ್ಯಾರ, ಒಂದು ಕಡಿಮಿ ಬಿತ್ತು. ಮುಂದಕ್ಕ ಹೋಗೂದಿಲ್ಲ. ಇನ್ನೂ ಹೊತ್ತೈತಿ, ಸ್ವಲ್ಪ ತಿದ್ದಿ ಇನ್ನೊಮ್ಮೆ ಕಳಸೂಣೇನು?"

ತವನಪ್ಪನವರು ಆ ಹದಿನಾಲ್ಕು ಸೆಕೆಂಡಿನ ಅಂಕಿಯನ್ನೇ ನೋಡುತ್ತಿದ್ದರು. ಅವರ ಎರಡೂ ಕೈಗಳು ತಾವಾಗಿ ಎದೆಯ ಮುಂದೆ ಜೋಡಿಕೊಂಡಿದ್ದವು, ಯಾರೋ ಅವನ್ನು ಹಿಡಿದುಕೊಂಡಿದ್ದಾರೆ ಎಂಬಂತೆ. ಯಂತ್ರಕ್ಕೆ ಕ್ಷಮಿಸಲು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಇದ್ದಿದ್ದರೆ ಆಕೆ ಏನು ಮಾಡುತ್ತಿದ್ದರು ಎಂಬುದನ್ನಷ್ಟೇ ಅದು ತೋರಿಸಿಕೊಡುತ್ತದೆ. ತೋರಿಸಿಕೊಟ್ಟಿತ್ತು.

"ಬ್ಯಾಡವ್ವ," ಎಂದರು ಕೊನೆಗೆ. "ಆಕಿ ಯಾವತ್ತೂ ನನಗ ಪೂರ್ತಿ ಕೇಳಗೊಟ್ಟಾಕಿ ಅಲ್ಲ. ಮೊದಲ ಮಾತಿಗೇ ಆತು ಏಳ್ರಿ ಅನ್ನಾಕಿ."

"ಊರ ಮಂದಿಗೆ ಗೊತ್ತಾಗಲಿಲ್ಲಲ್ರಿ? ಅದಕ್ಕಂತನ ಅಲ್ಲೇನು ನೀವು ಇಷ್ಟು ಮಂದಿನ್ನ ಕೂಡಿಸಿದ್ದು?"

"ಮುಟ್ಟಬೇಕಾದಲ್ಲಿ ಮುಟ್ಟೇತಿ." ಅವರು ಜೇಬಿನಿಂದ ನಮೂನೆ ತೆಗೆದು ಆಕೆಯ ಮೇಜಿನ ಮೇಲೆ ಇಟ್ಟರು. ಸಹಿಯ ಜಾಗ ಖಾಲಿಯಿತ್ತು. "ನಾ ಹೊರಡತೇನಿ. ಹೊತ್ತು ಮುಳುಗೂದ್ರೊಳಗ ಊಟಾ ಮಾಡಬೇಕು ನಾವು."

ಬಸ್ಸು ಹಳೆಯ ಕಾರ್ಖಾನೆಯ ಗೇಟಿನ ಮುಂದೆ ಹಾದುಹೋಗುವಾಗ ಆರು ಗಂಟೆಯಾಯಿತು. ಅವರು ಗಡಿಯಾರ ನೋಡಿದರು. ಕೈಮುಗಿದು ಮನಸ್ಸಿನಲ್ಲಿ ನಮೋಕಾರ ಮಂತ್ರ ಹೇಳಿಕೊಂಡರು.

ಮನೆಯಲ್ಲಿ ಸುನೇತ್ರಾ ತಾಟು ಹಾಕಿ ಕಾಯುತ್ತಿದ್ದಳು. ಮುಖ ಇನ್ನೂ ಬಿಗಿದುಕೊಂಡೇ ಇತ್ತು. ತವನಪ್ಪನವರು ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂಡಲಿಲ್ಲ. ಸೊಸೆಯ ಎದುರಿಗೆ ನಿಂತು ಕೈಜೋಡಿಸಿದರು.

"ಸುನೇತ್ರಾ, ಮುಂಜಾನಿ ನಾ ಅಂದದ್ದು ತಪ್ಪಾತವ್ವ. ನಿನಗ ತಿಳಿಯಂಗಿಲ್ಲ ಅಂದೆ, ತಿಳೀದವ ನಾನ..."

ಸುನೇತ್ರಾ ಗಾಬರಿಯಾಗಿ ಬಂದು ಆ ಕೈಗಳನ್ನು ಹಿಡಿದುಕೊಂಡಳು. "ಕ್ಷಮಾವಣಿ ಇನ್ನೂ ದೂರ ಐತಲ್ರಿ ಮಾವಾರ!"

"ಅದಕ್ಕ ಈಗ ಕೇಳಾಕತ್ತೇನಿ."

ಅವಳು ಅವರ ಮುಖವನ್ನು ನೋಡಿದಳು. ಕೈ ಬಿಡದೆ ಒಂದು ಗಳಿಗೆ ಹಾಗೆಯೇ ನಿಂತಳು.

"ಆತು ಕುಂದರ್ರಿ," ಎಂದಳು. "ರೊಟ್ಟಿ ತಣ್ಣಗಾಗ್ತಾವ."